ಮೋಟಾರ್‌ಹೋಮ್ ಸಸ್ಪೆನ್ಷನ್: ಕುಲುಕಾಟಕ್ಕೆ ಒಂದು ಮದ್ದು, ಓಲಾಟಕ್ಕೆ ಇನ್ನೊಂದು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಮೋಟಾರ್‌ಹೋಮ್, ಅಂದರೆ ಓಡಾಡುವ ಮನೆಯಂಥ ಗಾಡಿ, ತಗೊಂಡ ಕನ್ನಡದ ಗೆಳೆಯರು ಸ್ವಲ್ಪ ದಿನ ಓಡಿಸಿದ ಮೇಲೆ ಕೇಳುವುದು ಒಂದೇ ಪ್ರಶ್ನೆ. "ಗಾಡಿ ಸಿಕ್ಕಾಪಟ್ಟೆ ಕುಲುಕುತ್ತೆ, ಯಾವ ಸ್ಪ್ರಿಂಗ್ ಹಾಕಿಸಲಿ?" ನಮ್ಮ ಗಾಡಿಗೆ ಒಂದೊಂದಾಗಿ ಎಲ್ಲವನ್ನೂ ಮಾಡಿಸಿ, ಕೆಲವು ವರ್ಷ ಓಡಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಸ್ಪ್ರಿಂಗ್ ಕೊನೆಗೆ ಬರಬೇಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ನಮ್ಮದು ಫೋರ್ಡ್ ಇ-450 ಚಾಸಿ (ಎಂಜಿನ್, ಚಕ್ರ ಇರುವ ಅಡಿಗಟ್ಟು) ಮೇಲೆ ಕಟ್ಟಿದ ಕ್ಲಾಸ್ ಸಿ ಗಾಡಿ. ಮುಂದೆ ವ್ಯಾನಿನ ಮೂತಿ, ಡ್ರೈವರ್ ತಲೆ ಮೇಲೆ ಮಲಗುವ ಅಟ್ಟ, ಹಿಂದೆ ಮನೆ. ಇದೇ ಚಾಸಿ ಮೇಲೆ ಆಂಬುಲೆನ್ಸ್, ಶಟಲ್ ಬಸ್ಸುಗಳನ್ನೂ ಕಟ್ಟುತ್ತಾರೆ. ಗಾಡಿ, ನೀರು, ಸಾಮಾನು, ಜನ ಎಲ್ಲ ಸೇರಿ 14,500 ಪೌಂಡ್, ಅಂದರೆ ಸುಮಾರು 6,580 ಕೆಜಿ ಮೀರಬಾರದು. ಹಿಂದೆ ಪ್ಲೇಟ್ ಸ್ಪ್ರಿಂಗ್, ಜೋಡಿ ಟೈರ್. ಮುಂದೆ ಕಾಯಿಲ್ ಸ್ಪ್ರಿಂಗ್ ಜೊತೆ ಟ್ವಿನ್ ಐ-ಬೀಮ್, ಅಂದರೆ ಎರಡು ಮುಂಚಕ್ರಕ್ಕೂ ಒಂದೊಂದು ಗಟ್ಟಿ ತೊಲೆ. ಇದು ಫೋರ್ಡ್ ತನ್ನ ಪಿಕಪ್‌ಗಳಿಗೆ 1965ರಲ್ಲಿ ತಂದ ವಿನ್ಯಾಸ. ಭಾರ ಹೊರಲೆಂದೇ ಮಾಡಿದ್ದು, ತುಂಬಾ ಗಟ್ಟಿ. ಕಾರಿನಂಥ ಮೆತ್ತನೆಯ ಓಟವನ್ನು ಇದರಿಂದ ನಿರೀಕ್ಷೆ ಮಾಡಬಾರದು.

ಇಲ್ಲಿ ತೊಂದರೆ ಒಂದಲ್ಲ, ಎರಡು. ಐ-5 ಹೆದ್ದಾರಿಯಲ್ಲಿ ಕಾಂಕ್ರೀಟಿನ ಜೋಡಣೆಗಳ ಮೇಲೆ ಹೋಗುವಾಗ ಡ್ರಾಯರಿನ ಸ್ಟೀಲ್ ತಟ್ಟೆಗಳು ಒಂದೇ ಸಮನೆ ಬಡಿದುಕೊಳ್ಳುತ್ತವಲ್ಲ, ಅದು ಕುಲುಕಾಟ. ಪಕ್ಕದಲ್ಲಿ ದೊಡ್ಡ ಟ್ರಕ್ ದಾಟಿದಾಗ, ಆಲ್ಟಮಾಂಟ್ ಪಾಸಿನ ಗಾಳಿಯಂತ್ರಗಳ ನಡುವೆ ಹೋಗುವಾಗ ಇಡೀ ಗಾಡಿ ಪಕ್ಕಕ್ಕೆ ವಾಲುತ್ತದಲ್ಲ, ಅದು ಓಲಾಟ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ದಾಟಿ ಮನೆಯ ದೊಡ್ಡ ಭಾಗ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಗಾಳಿ ಅದನ್ನು ತಳ್ಳಿದರೆ ಮೂತಿ ಇನ್ನೊಂದು ಕಡೆ ತಿರುಗುತ್ತದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಕೊಟ್ಟ ಮದ್ದು ಕೆಲವೊಮ್ಮೆ ಇನ್ನೊಂದನ್ನು ಜಾಸ್ತಿ ಮಾಡುತ್ತದೆ.

ಹಾಗಾಗಿ ಮೊದಲು ತೂಕ ಹಾಕಿಸಿ. ಟ್ರಕ್ ನಿಲ್ಲುವ ಕಡೆ ಕ್ಯಾಟ್ ಸ್ಕೇಲ್ ಇರುತ್ತದೆ. ಮುಂದಿನ ಆಕ್ಸಲ್ ಎಷ್ಟು, ಹಿಂದಿನದು ಎಷ್ಟು ಅಂತ ಬೇರೆ ಬೇರೆಯಾಗಿ ಚೀಟಿ ಕೊಡುತ್ತಾರೆ. ಖಾಲಿ ಗಾಡಿ ತಗೊಂಡು ಹೋಗಿ ಪ್ರಯೋಜನವಿಲ್ಲ. ನೀರಿನ ಟ್ಯಾಂಕ್ ತುಂಬಿಸಿ, ಅಕ್ಕಿ ಬೇಳೆ ಕುಕ್ಕರ್ ಎಲ್ಲ ಇಟ್ಟು, ಮನೆಮಂದಿಯನ್ನು ಕೂರಿಸಿಕೊಂಡೇ ಹೋಗಿ. ಆಮೇಲೆ ಟೈರ್ ಕಂಪನಿಯ ಲೋಡ್ ಪಟ್ಟಿ ನೋಡಿ ಗಾಳಿ ಹಾಕಿ. ನಮ್ಮ ಟೈರುಗಳಿಗೆ ಗರಿಷ್ಠ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಸುಮಾರು ಜನ ನಾಲ್ಕೂ ಕಡೆ ಅಷ್ಟನ್ನೇ ತುಂಬಿಸಿ ಓಡಿಸುತ್ತಾರೆ, ಆಮೇಲೆ ಕುಲುಕುತ್ತೆ ಅನ್ನುತ್ತಾರೆ. ನಮ್ಮ ತೂಕಕ್ಕೆ ಪಟ್ಟಿಯ ಪ್ರಕಾರ ಮುಂದೆ 65, ಹಿಂದೆ 70 ಸಾಕಾಯಿತು. ಟೈರ್ ತಣ್ಣಗಿರುವಾಗ ನೋಡಿದ ಲೆಕ್ಕ ಇದು. ನಿಮ್ಮ ತೂಕ ಬೇರೆ, ನಿಮ್ಮ ಲೆಕ್ಕ ಬೇರೆ. ದಯವಿಟ್ಟು ನನ್ನ ಸಂಖ್ಯೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ಗಾಳಿ ಕಡಿಮೆಯಾದರೆ ಟೈರ್ ಬಿಸಿಯಾಗಿ ಸಿಡಿಯುವ ಅಪಾಯವಿದೆ. ಇಷ್ಟಕ್ಕೇ ಸಣ್ಣ ಕುಲುಕಾಟದ ದೊಡ್ಡ ಪಾಲು ಹೋಯಿತು. ಖರ್ಚು ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಜಾಸ್ತಿ ಆಗಲಿಲ್ಲ.

ಎರಡನೆಯದು ಶಾಕ್ ಅಬ್ಸಾರ್ಬರ್, ಅಂದರೆ ಸ್ಪ್ರಿಂಗಿನ ತೂಗಾಟ ತಡೆಯುವ ಭಾಗ. ಬಿಲ್‌ಸ್ಟೈನ್ ಕಂಪನಿಯ ಗ್ಯಾಸ್ ಶಾಕ್‌ಗಳನ್ನು ನಾಲ್ಕೂ ಕಡೆ ಹಾಕಿಸಿದೆ. ಇವು ಮಾನೋಟ್ಯೂಬ್. ಒಂದೇ ಕೊಳವೆಯೊಳಗೆ ಆಯಿಲ್ ಒಂದು ಕಡೆ, ಒತ್ತಡದ ನೈಟ್ರೋಜನ್ ಇನ್ನೊಂದು ಕಡೆ, ನಡುವೆ ಜಾರುವ ಪಿಸ್ಟನ್. ಹೀಗೆ ಬೇರೆ ಇರುವುದರಿಂದ ಎಷ್ಟು ಹೊತ್ತು ಕೆಟ್ಟ ರಸ್ತೆಯಲ್ಲಿ ಓಡಿದರೂ ಆಯಿಲಿನಲ್ಲಿ ಸುಲಭವಾಗಿ ನೊರೆ ಬರುವುದಿಲ್ಲ, ಹಿಡಿತ ಅಷ್ಟಾಗಿ ಸಡಿಲವಾಗುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ. ಮೊದಲು ಒಂದು ದಿಣ್ಣೆ ಹತ್ತಿಳಿದರೆ ಗಾಡಿ ಮತ್ತೆ ಮತ್ತೆ ತೂಗುತ್ತಿತ್ತು. ಈಗ ಒಂದು ಸಲ ಇಳಿದು ನಿಲ್ಲುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದಾಗ ಹೈವೇ 395ರಲ್ಲಿ ಕರೆದುಕೊಂಡು ಹೋದೆವು. ಬೆನ್ನು ನೋವಿನ ಅಮ್ಮ ಬಿಷಪ್ ದಾಟಿದ ಮೇಲೆ ಕೂತಲ್ಲೇ ನಿದ್ದೆ ಹೋದರು, ಲೋನ್ ಪೈನ್ ಬಂದಾಗಲೇ ಎದ್ದಿದ್ದು. ನನಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ಆದರೆ ಓಲಾಟ ಹಾಗೇ ಇತ್ತು. ಅದಕ್ಕೆ ಹಿಂದೆ ದಪ್ಪನೆಯ ಆಂಟಿ-ಸ್ವೇ ಬಾರ್ ಹಾಕಿಸಿದೆ. ಎಡ ಬಲ ಎರಡೂ ಕಡೆಯನ್ನು ಜೋಡಿಸುವ ಕಬ್ಬಿಣದ ಸರಳು ಇದು. ಗಾಡಿ ಒಂದು ಕಡೆ ವಾಲಿದರೆ ಸರಳು ತಿರುಚಿಕೊಂಡು ತಡೆಯುತ್ತದೆ. ಸ್ವಲ್ಪ ದಪ್ಪವಾದರೂ ತುಂಬಾ ವ್ಯತ್ಯಾಸ. ವ್ಯಾಸ 20 ಪರ್ಸೆಂಟ್ ಹೆಚ್ಚಾದರೆ ಬಿಗಿ ಎರಡು ಪಟ್ಟು ದಾಟುತ್ತದೆ. ಟ್ರಕ್ ದಾಟಿದಾಗ ಸ್ಟೀರಿಂಗ್ ಬಿಗಿಯಾಗಿ ಹಿಡಿಯುವ ಅಭ್ಯಾಸ ನನಗೆ ತಾನಾಗೇ ಬಿಟ್ಟುಹೋಯಿತು. ಇದರಿಂದ ಕುಲುಕಾಟ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಚಕ್ರ ಗುಂಡಿಗೆ ಬಿದ್ದರೆ ಆ ಹೊಡೆತ ಈಗ ಇನ್ನೊಂದು ಕಡೆಗೂ ಹೋಗುತ್ತದೆ. ಒಂದು ಚಳಿಗಾಲ ಕಳೆದ ಮೇಲೆ ಬಾರ್ ಹಿಡಿದಿರುವ ಬುಷ್‌ಗಳು ಕಿರುಗುಟ್ಟಲು ಶುರುವಾದವು. ಗ್ರೀಸ್ ಹಾಕಿದ ಮೇಲೆ ನಿಂತಿತು.

ಅದರ ಜೊತೆಗೇ ಅಲೈನ್ಮೆಂಟ್, ಅಂದರೆ ಚಕ್ರಗಳ ಕೋನ ಸರಿಮಾಡುವ ಕೆಲಸ, ಮಾಡಿಸಿದೆ. ಕ್ಯಾಸ್ಟರ್ ಕೋನ ಕೇಳಿ ಸರಿಮಾಡಿಸಿ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಚಕ್ರ ತಾನಾಗಿ ನೇರಕ್ಕೆ ಬರುತ್ತದಲ್ವಾ, ಇದೂ ಹಾಗೇ. ಟ್ವಿನ್ ಐ-ಬೀಮ್ ಗಾಡಿಗಳಲ್ಲಿ ಈ ಕೋನ ಬದಲಿಸಲು ಬುಷ್ ಬದಲಿಸಬೇಕು. ಸಾಮಾನ್ಯ ಕಾರಿನ ಅಂಗಡಿಗೆ ಬೇಡ, ಟ್ರಕ್ ನೋಡುವವರ ಹತ್ತಿರ ಹೋಗಿ.

ಕೊನೆಗೆ ಸ್ಪ್ರಿಂಗ್. ಇರುವ ಸ್ಪ್ರಿಂಗಿನ ಜೊತೆಗೆ ಹಾಕಿಸುವುದು ಇದು: ಗಾಳಿ ತುಂಬುವ ಏರ್ ಬ್ಯಾಗ್, ಇಲ್ಲವೇ ಗಟ್ಟಿ ಪಾಲಿಯುರೆಥೇನ್ ನೊರೆಯ ಸುಮೋಸ್ಪ್ರಿಂಗ್ಸ್. ಏರ್ ಬ್ಯಾಗಿನಲ್ಲಿ ಎಡ ಬಲ ಬೇರೆ ಬೇರೆ ಒತ್ತಡ ಇಡಬಹುದು. ಒಂದೇ ಪಕ್ಕದಲ್ಲಿ ನೀರಿನ ಟ್ಯಾಂಕ್, ಅಡುಗೆಮನೆ ಎರಡೂ ಇರುವ ಗಾಡಿಗೆ ಅದೇ ಒಳ್ಳೆಯದು. ಆದರೆ ಒತ್ತಡ ಆಗಾಗ ನೋಡುತ್ತಿರಬೇಕು. ನಮ್ಮ ಗಾಡಿ ನೇರವಾಗಿಯೇ ನಿಲ್ಲುತ್ತದೆ, ಹಾಗಾಗಿ ಹಿಂದೆ ಸುಮೋಸ್ಪ್ರಿಂಗ್ಸ್ ಆರಿಸಿಕೊಂಡೆ. ಹಾಕಿದ ಮೇಲೆ ನೋಡಿಕೊಳ್ಳುವ ಕೆಲಸವಿಲ್ಲ. ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಹಿಂಭಾಗ ದಡ್ ಅಂತ ಕುಸಿಯುತ್ತಿದ್ದುದು ನಿಂತಿತು. ಮೇಲಿನ ಕೆಲಸಗಳನ್ನು ಮಾಡಿಸದೆ ಬರೀ ಇದನ್ನು ಹಾಕಿಸಿದ್ದರೆ ಅಷ್ಟೇ ಸಿಗುತ್ತಿತ್ತು, ಅದಕ್ಕಿಂತ ಜಾಸ್ತಿ ಅಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ಒಂದು ವರ್ಕ್‌ಶಾಪಿನಲ್ಲಿ "ಇದು ಹಾಕಿದರೆ ಇನ್ನೂ ಸಾವಿರ ಪೌಂಡ್ ಸಾಮಾನು ತುಂಬಬಹುದು" ಅಂದರು. ಅದು ಸುಳ್ಳು. ಆಕ್ಸಲ್, ಬ್ರೇಕ್, ಟೈರ್ ಎಲ್ಲ ಹಳೆಯವೇ ಅಲ್ವಾ? ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದ ತೂಕವೇ ಕೊನೆಯ ಮಾತು. ಯಾವ ಸ್ಪ್ರಿಂಗೂ ಅದನ್ನು ಹೆಚ್ಚಿಸುವುದಿಲ್ಲ.

ಹೊಸದಾಗಿ ಗಾಡಿ ತಗೊಂಡವರು ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ. ತೂಕ, ಟೈರಿನ ಗಾಳಿ ನೋಡಿ ಒಂದು ಸುತ್ತು ಹೋಗಿ ಬನ್ನಿ. ಆಮೇಲೂ ಮನೆಯವರು ಕುಲುಕಾಟ ಅಂದರೆ ಶಾಕ್, ನಿಮಗೆ ಗಾಳಿಯಲ್ಲಿ ಭಯವಾದರೆ ಬಾರ್. ಯಾವುದೇ ಹಾಕಿಸಿದರೂ ಕೆಲವು ನೂರು ಮೈಲಿ ಓಡಿದ ಮೇಲೆ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚಿನಿಂದ ಇನ್ನೊಮ್ಮೆ ಬಿಗಿ ಮಾಡಿಸಿ.