ಒಟಾರು ಶೋಡೈ: ಕಾಮರ್ಸ್ ಓದೋರು ಒಂದ್ಸಲ ನೋಡ್ಲೇಬೇಕಾದ ಯೂನಿವರ್ಸಿಟಿ

ಜಪಾನಲ್ಲಿ ಓದ್ಬೇಕು ಅಂತ ಮೆಸೇಜ್ ಮಾಡೋರೆಲ್ಲ ಟೋಕಿಯೋ, ಕ್ಯೋಟೋ, ಒಸಾಕಾ ಅಂತಾನೇ ಶುರು ಮಾಡ್ತಾರೆ. ಅಕೌಂಟ್ಸ್, ಎಕನಾಮಿಕ್ಸ್, ಬಿಸಿನೆಸ್ ಕಡೆ ಹೋಗೋರಿಗೆ ನಾನು ಹೇಳೋದು, ಜಪಾನಿನ ಉತ್ತರದ ಹೊಕ್ಕೈಡೋ ದ್ವೀಪದಲ್ಲಿರೋ ಒಟಾರು ಯೂನಿವರ್ಸಿಟಿ ಆಫ್ ಕಾಮರ್ಸ್ ಕಡೆನೂ ಒಂದ್ಸಲ ಕಣ್ಣು ಹಾಕಿ. ಇಲ್ಲಿನೋರು ಚಿಕ್ಕದಾಗಿ ಶೋಡೈ ಅಂತಾರೆ. ನಾನಿರೋದು ಹೊಕ್ಕೈಡೋದ ದೊಡ್ಡ ಊರು ಸಪ್ಪೊರೊದಲ್ಲಿ, ಆಫೀಸಲ್ಲಿ ಶೋಡೈನಲ್ಲೇ ಓದಿದವ್ರು ಇದ್ದಾರೆ, ಕ್ಯಾಂಪಸ್‌ಗೂ ಹೋಗಿಬರ್ತಾ ಇರ್ತೀನಿ, ಅದಕ್ಕೇ ಬರೀತಿದೀನಿ.

ಮೊದ್ಲು ದಾರಿ. ಸಪ್ಪೊರೊದಿಂದ ಟ್ರೇನಲ್ಲಿ ಸಮುದ್ರದ ಪಕ್ಕದಲ್ಲೇ ಹೋದ್ರೆ ಮುಕ್ಕಾಲು ಗಂಟೆ ಒಳಗೆ ಒಟಾರು, ಆದ್ರೆ ಸ್ಟೇಷನ್ ಇಳಿದ್ಮೇಲೆ ಅಸಲಿ ಕಷ್ಟ. ಕಾಲೇಜಿಗೆ ಹೋಗೋ ಏರು ರಸ್ತೆಗೆ ಜಿಗೊಕುಝಾಕಾ, ಅಂದ್ರೆ ನರಕದ ಏರು ಅಂತ ಹೆಸರು. ಎರಡೂ ಕಡೆ ಮನೆಗಳು, ನೇರ ಮೇಲಕ್ಕೆ, ಚಳಿಗಾಲದಲ್ಲಿ ತುಳಿದು ತುಳಿದು ಗಟ್ಟಿಯಾದ ಹಿಮದ ಮೇಲೆ ಹುಡುಗ್ರು ಸಣ್ಣ ಸಣ್ಣ ಹೆಜ್ಜೆ ಇಟ್ಕೊಂಡು, ಪಾದ ಪೂರ್ತಿ ಊರಿ, ಬಗ್ಗಿ ಹತ್ತೋದು ನೋಡಿದ್ರೆ ನಮ್ಗೇ ಮಂಡಿ ನೋವು ಬರುತ್ತೆ. ಬಸ್ ಇದೆ, ಮೊದಲ್ನೇ ಸಲ ಹೋಗೋರು ಬಸ್ಸೇ ಹಿಡೀರಿ. ಮೇಲೆ ಹೋಗಿ ಹಿಂದಕ್ಕೆ ತಿರುಗಿದ್ರೆ ಇಡೀ ಊರು, ಬಂದರು, ಅದ್ರಾಚೆ ಸಮುದ್ರ ಎಲ್ಲ ಒಟ್ಟಿಗೇ ಕಾಣುತ್ತೆ. ಆ ಬಂದರಿಂದಾನೇ ಈ ಕಾಲೇಜು ಹುಟ್ಟಿದ್ದು.

ಯಾಕಂದ್ರೆ ಒಟಾರು ಆಗ ದೊಡ್ಡ ವ್ಯಾಪಾರದ ಊರು. ಹೊಕ್ಕೈಡೋದ ಮೊದಲ್ನೇ ರೈಲು ಓಡಿದ್ದೇ 1880ರಲ್ಲಿ, ಒಟಾರುವಿನ ತೆಮಿಯಾದಿಂದ ಸಪ್ಪೊರೊಗೆ. ಕಲ್ಲಿದ್ದಲು, ಹೆರಿಂಗ್ ಮೀನು, ಧಾನ್ಯ ಎಲ್ಲ ಈ ಬಂದರಿಂದಾನೇ ಹೋಗ್ತಿತ್ತು, ಬ್ಯಾಂಕುಗಳು ಸಾಲು ಸಾಲಾಗಿ ಬಂದ್ವು, ಆ ಕಲ್ಲಿನ ಬಿಲ್ಡಿಂಗ್‌ಗಳು ಇವತ್ತಿಗೂ ಇವೆ, ಬ್ಯಾಂಕ್ ಆಫ್ ಜಪಾನ್ ಹಳೇ ಬ್ರಾಂಚ್ ಈಗ ಮ್ಯೂಸಿಯಂ. ಅಷ್ಟು ವ್ಯಾಪಾರ ನಡೆಯೋ ಊರಲ್ಲಿ ಲೆಕ್ಕ ಬಲ್ಲ, ವಿದೇಶಿ ಭಾಷೆ ಬಲ್ಲ ಹುಡುಗ್ರು ಬೇಕಲ್ವಾ, ಹಾಗಾಗಿ 1910ರಲ್ಲಿ ಸರ್ಕಾರ ಹೈಯರ್ ಕಮರ್ಷಿಯಲ್ ಸ್ಕೂಲ್ ಸ್ಥಾಪಿಸ್ತು, ಮುಂದಿನ ವರ್ಷ ಪಾಠ ಶುರುವಾಯ್ತು. ಆಗಿನ ಹುಡುಗ್ರಿಗೆ ಬರೀ ಪುಸ್ತಕ ಅಲ್ಲ, ಕಲಿಯೋಕೆ ಅಂತ ಕ್ಯಾಂಪಸ್ಸಲ್ಲೇ ಸೋಪು ಮಾಡೋ ಫ್ಯಾಕ್ಟರಿ ಕೂಡ ಇತ್ತು! ತಯಾರಿ, ಖರ್ಚು, ಮಾರಾಟ ಎಲ್ಲ ಕೈಯಾರೆ ಮಾಡಿ ಕಲಿಯೋ ಈ ಐಡಿಯಾ ನಂಗೆ ತುಂಬಾ ಇಷ್ಟ. 1949ರಲ್ಲಿ ಅದೇ ಯೂನಿವರ್ಸಿಟಿ ಆಯ್ತು.

ಇಡೀ ಯೂನಿವರ್ಸಿಟಿಗೆ ಇರೋದು ಒಂದೇ ಫ್ಯಾಕಲ್ಟಿ, ಕಾಮರ್ಸ್. ಅದ್ರೊಳಗೆ ಎಕನಾಮಿಕ್ಸ್, ಕಾಮರ್ಸ್, ಬಿಸಿನೆಸ್ ಕಾನೂನು, ಇನ್ಫರ್ಮೇಶನ್ ಕಡೆದು ಅಂತ ನಾಲ್ಕು ವಿಭಾಗ. ಕೆಲವ್ರು ಇದನ್ನ ಮೈನಸ್ ಅಂತಾರೆ, ನಂಗೆ ಇದೇ ಪ್ಲಸ್. ವರ್ಷಕ್ಕೆ ಸುಮಾರು 500 ಜನ ಸೇರೋ ಕಡೆ ಲೈಬ್ರರಿ, ಮೇಷ್ಟ್ರುಗಳು, ಕ್ಯಾಂಟೀನ್ ಮಾತು ಎಲ್ಲ ಒಂದೇ ವಿಷ್ಯದ ಸುತ್ತ ಇರುತ್ತೆ, ದೊಡ್ಡ ಯೂನಿವರ್ಸಿಟಿಯ ಹಾಗೆ ಇಂಜಿನಿಯರಿಂಗ್, ಮೆಡಿಕಲ್ ನೆರಳಲ್ಲಿ ಕಾಮರ್ಸ್ ಒಂದು ಮೂಲೆಗೆ ಹೋಗಲ್ಲ. ಭಾಷೆ ಕಡೆ ಗಮನಾನೂ ಹಳೇ ಕಾಲದಿಂದ ಬಂದಿದ್ದು, ಇಂಗ್ಲಿಷ್ ಅಲ್ದೆ ಚೈನೀಸ್, ರಷ್ಯನ್, ಕೊರಿಯನ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಎಲ್ಲ ಕಲಿಸ್ತಾರೆ.

ನಮ್ಮ ಆಫೀಸಿನೋರನ್ನ ಕೇಳಿದ್ರೆ ಎಲ್ರೂ ಮೊದ್ಲು ಹೇಳೋದು ಝೆಮಿ ಬಗ್ಗೆ. ಒಬ್ಬ ಪ್ರೊಫೆಸರ್ ಕೈಕೆಳಗೆ ಸಣ್ಣ ಗುಂಪು, ವಾರ ವಾರ ಯಾರಾದ್ರೂ ಓದ್ಕೊಂಡು ಬಂದು ಮಂಡಿಸ್ಬೇಕು, ಉಳಿದವ್ರು ಪ್ರಶ್ನೆ ಹಾಕ್ತಾರೆ, ಕೊನೇಲಿ ಥೀಸಿಸ್. ಹಿಂದಿನ ಬೆಂಚಲ್ಲಿ ಕೂತು ಅಟೆಂಡೆನ್ಸ್ ಹಾಕಿಸ್ಕೊಂಡು ಪಾಸಾಗೋ ಆಟ ನಡೆಯಲ್ಲ. ನಮ್ಮ ಕಡೆ ಬಿಕಾಂ ಓದೋರಿಗೆ ಇಂಥದ್ದು ಸಿಕ್ಕಿದ್ರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಪ್ರತಿ ಸಲ ಅನ್ಸುತ್ತೆ.

ಎಂಬಿಎ ಬೇಕಂದ್ರೆ ಅದೂ ಇದೆ, 2004ರಿಂದ.

ಫೀಸ್ ವಿಷ್ಯ. ಶೋಡೈ ರಾಷ್ಟ್ರೀಯ ಯೂನಿವರ್ಸಿಟಿ. ಜಪಾನಿನ ರಾಷ್ಟ್ರೀಯ ಯೂನಿವರ್ಸಿಟಿಗಳಿಗೆ ಸರ್ಕಾರ ನಿಗದಿ ಮಾಡಿರೋ ಸ್ಟ್ಯಾಂಡರ್ಡ್ ಫೀಸ್ ವರ್ಷಕ್ಕೆ 5,35,800 ಯೆನ್, ಸೇರುವಾಗ ಒಂದ್ಸಲ 2,82,000 ಯೆನ್. ನಮ್ಮ ಪ್ರೈವೇಟ್ ಕಾಲೇಜುಗಳ ಮ್ಯಾನೇಜ್ಮೆಂಟ್ ಸೀಟಿನ ರೇಟು ನೋಡಿದವ್ರಿಗೆ ಇದೇನು ಹೆಚ್ಚು ಅನ್ಸಲ್ಲ, ಮನೆ ಬಾಡಿಗೆನೂ ಟೋಕಿಯೋ ಲೆಕ್ಕದಲ್ಲಿಲ್ಲ, ಆದ್ರೆ ಚಳಿಗಾಲದ ಹೀಟರ್ ಖರ್ಚು ಸೇರಿಸ್ಕೊಂಡೇ ಬಜೆಟ್ ಹಾಕಿ.

ಈಗ ಯಾರಿಗೆ ಬೇಡ ಅನ್ನೋದು. ಜಪಾನೀಸ್ ಕಲಿಯೋಕೆ ಮನಸ್ಸಿಲ್ಲದವ್ರಿಗೆ ಡಿಗ್ರಿ ಕೋರ್ಸ್ ಬೇಡ್ವೇ ಬೇಡ, ಪಾಠ, ಪರೀಕ್ಷೆ, ಝೆಮಿ ಚರ್ಚೆ ಎಲ್ಲ ಜಪಾನೀಸಲ್ಲೇ. ಇಂಗ್ಲಿಷ್ ಪಾಠ ಸಿಗೋದು ಮುಖ್ಯವಾಗಿ ಒಪ್ಪಂದ ಇರೋ ವಿದೇಶಿ ಯೂನಿವರ್ಸಿಟಿಗಳಿಂದ ಸ್ವಲ್ಪ ಕಾಲಕ್ಕೆ ಬರೋ ಎಕ್ಸ್‌ಚೇಂಜ್ ಹುಡುಗ್ರಿಗೆ. ಅರ್ಧದಲ್ಲಿ ಮನಸ್ಸು ಬದಲಾಗಿ ಸೈನ್ಸ್ ಕಡೆ ಹೋಗ್ತೀನಿ ಅಂದ್ರೆ ಇಲ್ಲಿ ದಾರಿ ಇಲ್ಲ. 2022ರಲ್ಲಿ ಶೋಡೈ ಒಬಿಹಿರೊದ ಅಗ್ರಿಕಲ್ಚರ್ ಯೂನಿವರ್ಸಿಟಿ, ಕಿತಾಮಿಯ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್ ಜೊತೆ ಒಂದೇ ಆಡಳಿತ ಸಂಸ್ಥೆ ಕೆಳಗೆ ಬಂದಿದೆ ನಿಜ, ಆದ್ರೆ ಕ್ಯಾಂಪಸ್‌ಗಳು ಬೇರೆ ಬೇರೆ ಊರಲ್ಲೇ ಇವೆ.

ಮನಸ್ಸು ಮಾಡಿದವ್ರು ಪಿಯುಸಿ ಓದ್ತಿರುವಾಗ್ಲೇ ಜಪಾನೀಸ್ ಕ್ಲಾಸ್ ಸೇರ್ಕೊಳಿ, ವಿದೇಶಿ ವಿದ್ಯಾರ್ಥಿಗಳಿಗಿರೋ ಇಜೆಯು ಪರೀಕ್ಷೆ ಜೂನ್, ನವೆಂಬರ್‌ನಲ್ಲಿ ನಡೆಯುತ್ತೆ, ಅದ್ರ ಡೇಟ್ ನೋಡ್ಕೊಂಡು ಪ್ಲಾನ್ ಮಾಡಿ. ಆಗೋದಾದ್ರೆ ಸೇರೋ ಮುಂಚೆ ಒಂದ್ಸಲ ಫೆಬ್ರವರಿಲಿ ಬಂದು ಆ ಏರು ಹತ್ತಿ ನೋಡಿ, ಬೂಟು ಮಾತ್ರ ಇಲ್ಲೇ ಹೊಕ್ಕೈಡೋದಲ್ಲಿ ತಗೊಳಿ.