ಇಡೀ ಬೆಟ್ಟಕ್ಕೆ ಒಂದೇ ಜೋಡಿ: ಅರ್ಮಾಡಾ ಎಆರ್‌ವಿ 96

ಒತ್ತಿ ಸಮ ಮಾಡಿದ ಇಳಿಜಾರಿಗೂ, ಮರಗಳ ನಡುವಿನ ಹೊಸ ಹಿಮಕ್ಕೂ ಒಂದೇ ಜೋಡಿ ಸ್ಕೀ ಬೇಕಿತ್ತು. ಅರ್ಮಾಡಾ ಎಆರ್‌ವಿ 96 ಆರಿಸಿಕೊಂಡೆ. ಪಾದದಡಿ 96 ಮಿ.ಮೀ. ಅಗಲ. ಎರಡೂ ತುದಿ ಮೇಲಕ್ಕೆ ಬಾಗಿರುವುದರಿಂದ ಹಿಮ್ಮುಖವಾಗಿ ಜಾರುವುದೂ ಸಲೀಸು. ಸಣ್ಣ ಉಬ್ಬು ಕಂಡರೂ ಹಾರಬೇಕು ಅನ್ನಿಸುತ್ತದೆ!

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಮುಖ್ಯ. ನಟ್ಟನಡುವೆ ಇಟ್ಟರೆ ಗಾಳಿಯಲ್ಲಿ ತಿರುಗುವುದು ಸುಲಭ, ಆದರೆ ಆಳದ ಹಿಮದಲ್ಲಿ ಮುಂತುದಿ ಮುಳುಗುತ್ತದೆ. ನಾನು ಅದಕ್ಕಿಂತ ಸ್ವಲ್ಪ ಹಿಂದೆ ಹಾಕಿಸಿದೆ. ಬೂಟು ಕಳಚಿದಾಗ ಸ್ಕೀ ಜಾರಿ ಹೋಗದಂತೆ ತಡೆಯುವ ಬ್ರೇಕ್ 100 ಮಿ.ಮೀ. ಅಗಲ ಇರಲಿ. ತುದಿಗಳಲ್ಲಿ ಅಂಚನ್ನು ತುಸು ಮೊಂಡು ಮಾಡಿಸಿ, ಕಾಲಡಿ ಮಾತ್ರ ಚೂಪಾಗಿರಲಿ. ಆಗ ಹಿಮಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ. ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕು ಅನ್ನುವ ಡಿನ್ ಅಂಕಿಯನ್ನು ಸುಮ್ನೆ ಅಂದಾಜಿನಲ್ಲಿ ಇಡಬೇಡಿ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಜಾರುವ ಶೈಲಿ ಎಲ್ಲವನ್ನೂ ನೋಡಿ ತಂತ್ರಜ್ಞರೇ ಹೊಂದಿಸಬೇಕು.