ಬ್ಲಾಗರ್: ಶುರು ಮಾಡೋದು ಸುಲಭ, ದುಡ್ಡು ನಿಧಾನ

ಶಿರಸಿ ಕಡೆಯ ಅಡುಗೆಗಳನ್ನು ಬರೆಯಲು ನಾನು ಬಳಸುತ್ತಿರುವುದು ಗೂಗಲ್‌ನ ಬ್ಲಾಗರ್, ಅಂದರೆ ನಮ್ಮ ಬರಹಗಳನ್ನು ಇಂಟರ್ನೆಟ್‌ನಲ್ಲಿ ಪ್ರಕಟಿಸುವ ಸೇವೆ. ಪೂರ್ತಿ ಉಚಿತ. ಜಿಮೇಲ್ ಖಾತೆ ಇದ್ದರೆ ಸಾಕು, ಹೋಸ್ಟಿಂಗ್ (ಬರಹಗಳನ್ನು ಇಡುವ ಸರ್ವರ್ ಜಾಗ) ಬಾಡಿಗೆ ಕಟ್ಟಬೇಕಿಲ್ಲ. ಮುಂದೆ ಸ್ವಂತ ಡೊಮೇನ್ (ವೆಬ್ ವಿಳಾಸ) ಕೊಂಡರೆ ಅದನ್ನೂ ಜೋಡಿಸಬಹುದು.

ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು. ‘ಅಪ್ಪೆಹುಳಿ’ ಎಂದು ಶೀರ್ಷಿಕೆ ಕೊಟ್ಟರೆ ಲಿಂಕ್‌ನಲ್ಲಿ ಆ ಹೆಸರು ಬರುವುದಿಲ್ಲ, ಸುಮ್ನೆ ‘ಬ್ಲಾಗ್-ಪೋಸ್ಟ್’ ಎಂದು ಬೀಳುತ್ತದೆ. ಪ್ರಕಟಿಸುವ ಮೊದಲೇ ಬಲಗಡೆಯ ಪರ್ಮಾಲಿಂಕ್ (ಬರಹದ ಲಿಂಕ್) ಜಾಗಕ್ಕೆ ಹೋಗಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಟೈಪ್ ಮಾಡಿ. ಲಿಂಕ್ ನೋಡಿದ ತಕ್ಷಣ ಒಳಗೇನಿದೆ ಅಂತ ಓದುಗರಿಗೆ ಗೊತ್ತಾಗಬೇಕು ಅಲ್ವಾ?

ಗಳಿಕೆಗೆ ಆಡ್‌ಸೆನ್ಸ್ ಇದೆ, ಅಂದರೆ ಬ್ಲಾಗ್‌ನಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್ ಸೇವೆ. 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಪಿನ್ (ಗುಪ್ತ ಸಂಖ್ಯೆ) ಇರುವ ಕಾಗದ ಅಂಚೆಯಲ್ಲಿ ಬರುತ್ತದೆ. ಹಳ್ಳಿಯವರು ಪಿನ್‌ಕೋಡ್, ಅಂಚೆ ಕಚೇರಿ ಹೆಸರು ಸರಿಯಾಗಿ ಬರೆಯಿರಿ. 100 ಡಾಲರ್ ತುಂಬಿದ ಮೇಲೆ, ಮುಂದಿನ ತಿಂಗಳು 21ರಿಂದ 26ರೊಳಗೆ ಹಣ ಬ್ಯಾಂಕಿಗೆ ಹೊರಡುತ್ತದೆ. 2024ರಿಂದ ಜಾಹೀರಾತಿನ ಕ್ಲಿಕ್‌ಗೆ ಹಣ ಕೊಡುವ ಲೆಕ್ಕ ಹೋಗಿ, ಜಾಹೀರಾತು ಎಷ್ಟು ಸಲ ಕಂಡಿತು ಎನ್ನುವ ಲೆಕ್ಕ ಬಂದಿದೆ. ಹಾಗಾಗಿ ಓದುಗರು ಜಾಸ್ತಿ ಬೇಕು. ಅಪ್ಪೆಮಿಡಿ ಸಿಗುವ ಕಾಲದಲ್ಲಿ ನನ್ನ ಉಪ್ಪಿನಕಾಯಿ ಬರಹಕ್ಕೆ ಜನ ಚೆನ್ನಾಗಿ ಬರುತ್ತಾರೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ.

ಟೆಂಪ್ಲೇಟ್‌ಗಳು (ಬ್ಲಾಗ್‌ನ ಸಿದ್ಧ ವಿನ್ಯಾಸಗಳು) ಹಳೆಯ ಕಾಲದವು, ಅದಕ್ಕೆ ಒಂದು ಸ್ಟಾರ್ ಕಡಿಮೆ. ಮನೆ ಖರ್ಚಿಗೆ ಇದನ್ನೇ ನಂಬಬೇಡಿ. ಬರೆಯುವ ಆಸೆ ಇರುವವರಿಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ, ಇಲ್ಲೇ ಶುರು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇದೆ, ಆಗಾಗ ಇಳಿಸಿಟ್ಟುಕೊಳ್ಳಿ.